ಫೋನಿಗೆ ಆಯುಷ್ಯ ಎಷ್ಟು?

ಹಿಂದಿನವರು ಗಂಡಿನ ಜಾತಕ ಕೈಗೆ ಬಂದೊಡನೆ ಮೊದಲು ಆಯುಷ್ಯವನ್ನು ನೋಡುತ್ತಿದ್ದರು. ಬಣ್ಣ, ನಿಲುವು, ಸಂಬಳದ ಮಾತೆಲ್ಲ ಆಮೇಲೆ. ಇಂದು ಫೋನು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವುದೇನು? ಬಣ್ಣ ಯಾವುದು, ಬೆನ್ನಿಗೆ ಕ್ಯಾಮೆರಾ ಎಷ್ಟು, ತಿಂಗಳ ಕಂತು ಎಷ್ಟು. ಇದು ಎಷ್ಟು ವರ್ಷ ಬಾಳೀತು ಎಂದು ಕೇಳುವವರು ವಿರಳ. ನಾವೂ ಕೇಳಿದವರಲ್ಲ. ಕೇಳದೆ ಹೋದುದರಿಂದ ಏನಾಯಿತೆಂಬುದನ್ನು ನಮ್ಮ ಸಂಘದ ಕುಟುಂಬಗಳ ಮುಂದೆ ಇಟ್ಟರೆ, ಒಬ್ಬಿಬ್ಬರಿಗಾದರೂ ಉಪಯೋಗವಾದೀತು.

ನಮ್ಮ ತಾಯಿಯವರು ರಾಯಚೂರು ಕಡೆಯವರು. ರೈಲ್ವೆಯಲ್ಲಿದ್ದ ತಂದೆಯವರು ತೀರಿಕೊಂಡ ಮೇಲೆ ಕಾಚಿಗುಡದ ನಮ್ಮ ಮನೆಯಲ್ಲಿಯೇ ಇದ್ದಾರೆ. ಕುಟುಂಬ ಪಿಂಚಣಿ ಬರುತ್ತದೆ. ಪಿಂಚಣಿ ತಪ್ಪದೆ ಬರಬೇಕಾದರೆ ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಸರಕಾರಕ್ಕೆ ತಿಳಿಸಬೇಕು. ಮೊದಲು ಇದಕ್ಕಾಗಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ೨೦೧೪ರಲ್ಲಿ ‘ಜೀವನ್ ಪ್ರಮಾಣ್’ ಎಂಬ ವ್ಯವಸ್ಥೆ ಬಂದಿತು. ೨೦೨೧ರ ನವೆಂಬರಿನಿಂದ ಫೋನಿಗೆ ಮುಖ ತೋರಿಸಿದರೂ ಸಾಕೆಂದಾಯಿತು. ತಾಯಿಯವರು ಇದನ್ನು ಕಲಿತುಕೊಂಡು, ಎರಡು ವರ್ಷ ಯಾರ ಹಂಗೂ ಇಲ್ಲದೆ ತಾವೇ ಮಾಡಿ ಮುಗಿಸಿದರು. ನೆರೆಮನೆಯ ಅಜ್ಜಿಯೊಬ್ಬರಿಗೂ ಮಾಡಿಕೊಟ್ಟರು. ಅದರ ಹೆಮ್ಮೆ ಅವರಿಗೆ ಸಣ್ಣದಾಗಿರಲಿಲ್ಲ.

೨೦೨೪ರ ನವೆಂಬರಿನಲ್ಲಿ ಮಾತ್ರ ಫೋನು ಮುಷ್ಕರ ಹೂಡಿತು. ಅದು ೨೦೧೮ರಲ್ಲಿ ತಂದೆಯವರು ಕೊಡಿಸಿದ್ದು. ಅದರೊಳಗಿನ ಆಂಡ್ರಾಯ್ಡ್ ಹಳೆಯದಾಗಿತ್ತು; ತಯಾರಕರು ಹೊಸದನ್ನು ಕಳುಹಿಸುವುದನ್ನು ನಿಲ್ಲಿಸಿ ವರ್ಷಗಳೇ ಆಗಿದ್ದವು. ಬೇಕಾದ ಆ್ಯಪ್ ಅದರಲ್ಲಿ ಇಳಿಯಲೊಲ್ಲದು. ತಾಯಿಯವರು ಕನ್ನಡಕ ತೆಗೆದಿಟ್ಟು ಹೇಳಿದರು: “ನಾ ಇನ್ನೂ ಬದುಕೀನಿ ತಮ್ಮಾ. ಸತ್ತದ್ದು ಫೋನು, ನಾ ಅಲ್ಲ.”

ನಾವು ನಕ್ಕು, ನಮ್ಮ ಫೋನಿನಲ್ಲಿ ಎರಡು ನಿಮಿಷದಲ್ಲಿ ಕೆಲಸ ಮುಗಿಸಿದೆವು. ಆದರೆ ಅವರು ನಗಲಿಲ್ಲ. “ಇನ್ನ ವರ್ಷಾ ವರ್ಷಾ ನೀ ಆಫೀಸಿನಿಂದ ಬರೋದು ಕಾಯಬೇಕಲ್ಲ” ಎಂದರು. ಆ ಮಾತು ನಮ್ಮನ್ನು ಚುಚ್ಚಿತು. ತಂದೆಯವರು ಕಳಿಸಿದ್ದ ಧ್ವನಿಸಂದೇಶಗಳೂ ಅದೇ ಫೋನಿನಲ್ಲಿದ್ದವು. ಬ್ಯಾಟರಿ ಉಬ್ಬಿ, ಅರ್ಧ ಗಂಟೆಗೊಮ್ಮೆ ಅದು ಕಣ್ಣು ಮುಚ್ಚುತ್ತಿತ್ತು.

ಮರುದಿನ ಸಂಜೆ ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ಟಿಗೆ ಹೋದೆವು. ಹೈದರಾಬಾದಿನಲ್ಲಿದ್ದು ಈ ಮಾರ್ಕೆಟ್ಟನ್ನು ಅರಿಯದವರಾರು? ಇಕ್ಕಟ್ಟಾದ ಗಲ್ಲಿ, ಗೂಡಿನಂಥ ಅಂಗಡಿಗಳು, ಪ್ರತಿ ಗೂಡಿನಲ್ಲಿಯೂ ಕಣ್ಣಿಗೆ ಭೂತಗನ್ನಡಿ ಹಿಡಿದ ಒಬ್ಬ ತರುಣ. ಅಂಥವನೊಬ್ಬ ನಮ್ಮ ಫೋನಿನ ಬೆನ್ನಿಗೆ ಬಿಸಿಗಾಳಿ ಹಾಯಿಸಿ, ಅಂಟು ಕರಗಿಸಿ, ಹೊಟ್ಟೆ ತೆರೆದು, ಹೊಸ ಬ್ಯಾಟರಿ ಕೂಡಿಸಿದನು. ಹೊಸ ಆಂಡ್ರಾಯ್ಡನ್ನೂ ಹಾಕಿಕೊಡಪ್ಪಾ ಎಂದೆವು. ಅವನು ತನ್ನ ದಖನಿ ಉರ್ದುವಿನಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಸಾಬ್, ಪ್ರಾಣ ತುಂಬಿದ್ದೇನೆ. ವಿದ್ಯೆ ತುಂಬುವುದು ನನ್ನ ಕೈಯಲ್ಲಿಲ್ಲ. ಅದು ಕಂಪನಿಯವರ ಕೈಯಲ್ಲಿದೆ.”

ತಂದೆಯವರ ಎಚ್.ಎಂ.ಟಿ. ಕೈಗಡಿಯಾರ ಈಗಲೂ ನಮ್ಮ ಮುಂಗೈಯಲ್ಲಿದೆ. ೧೯೬೧ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಆರಂಭವಾದ ಆ ಗಡಿಯಾರ ಉದ್ಯಮವನ್ನು ಮುಚ್ಚಲು ಕೇಂದ್ರ ಸರಕಾರ ೨೦೧೬ರಲ್ಲಿ ತೀರ್ಮಾನಿಸಿತು. ಆದರೂ ಸುಲ್ತಾನ್ ಬಜಾರಿನ ಮುದುಕನೊಬ್ಬ ಇದನ್ನು ಬಿಚ್ಚಿ, ಎಣ್ಣೆ ಬಿಟ್ಟು, ನಡೆಸಿಕೊಡುತ್ತಾನೆ. ಮಾಡಿದವರು ಹೋದರೂ ಗಡಿಯಾರ ನಡೆಯುತ್ತಿದೆ. ಮಾಡಿದವರು ಸುಖವಾಗಿದ್ದರೂ ಫೋನು ನಿಂತಿತು. ವ್ಯತ್ಯಾಸವಿರುವುದು ಇಲ್ಲಿಯೇ. ಗಡಿಯಾರವನ್ನು ನಾವು ಕೊಂಡೆವು. ಫೋನಿನ ದೇಹವನ್ನು ಮಾತ್ರ ಕೊಂಡೆವು, ಅದರ ಆಯುಷ್ಯ ತಯಾರಕರ ಬಳಿಯೇ ಉಳಿಯಿತು.

ತಯಾರಕರ ಪಕ್ಷದ ಮಾತನ್ನೂ ಕೇಳಬೇಕು. ಅಂಟು ಹಾಕುವುದರಿಂದ ಫೋನು ತೆಳ್ಳಗಾಗುತ್ತದೆ, ನೀರನ್ನು ತಡೆಯುತ್ತದೆ. ಗೂಗಲ್ ಹೊಸ ಆಂಡ್ರಾಯ್ಡ್ ಹೊರತಂದ ಮೇಲೆ, ಚಿಪ್ ಮಾಡುವವರೂ ಫೋನು ಮಾಡುವವರೂ ಅದನ್ನು ಒಂದೊಂದು ಮಾದರಿಗೂ ಹೊಂದಿಸಿ ಪರೀಕ್ಷಿಸಬೇಕು. ಇದಕ್ಕೆ ಖರ್ಚುಂಟು. ಲಾಭ ಕಡಿಮೆಯಿರುವ ಅಗ್ಗದ ಫೋನನ್ನೇ ಅವರು ಮೊದಲು ಕೈಬಿಡುವುದು ಇದರಿಂದ. ಆದರೆ ಅಗ್ಗದ ಫೋನು ಕೊಳ್ಳುವವರು ಯಾರು? ಅದನ್ನು ಹೆಚ್ಚು ವರ್ಷ ಬಳಸಬೇಕಾದ ನಮ್ಮಂಥವರೇ ಅಲ್ಲವೆ?

ದೊಡ್ಡವರ ನಡತೆಯೂ ಶುದ್ಧವಾಗಿರಲಿಲ್ಲ. ಬ್ಯಾಟರಿ ಸವೆದ ಹಳೆಯ ಐಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದಾಗಿ ಆಪಲ್ ಕಂಪನಿ ೨೦೧೭ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಹಠಾತ್ತಾಗಿ ಆರಿಹೋಗದಿರಲೆಂದು ಹಾಗೆ ಮಾಡಿದೆವು ಎಂಬುದು ಅದರ ಸಮಾಧಾನ. ಕೊಂಡವರಿಗೆ ಮೊದಲೇ ಹೇಳಲಿಲ್ಲವೆಂದು ಫ್ರಾನ್ಸ್ ದೇಶ ೨೦೨೦ರಲ್ಲಿ ೨.೫ ಕೋಟಿ ಯೂರೋ ದಂಡ ಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆಪಲ್, ಪರಿಸರದ ಹೆಸರಿನಲ್ಲಿ, ಪೆಟ್ಟಿಗೆಯಿಂದ ಚಾರ್ಜರನ್ನು ತೆಗೆದುಹಾಕಿತು. ಮುಂದಿನ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ದುಬಾರಿ ಫೋನಿನಲ್ಲಿ ಅದನ್ನೇ ಅನುಸರಿಸಿತು. ಪರಿಸರದ ಮೇಲಿನ ಅಕ್ಕರೆ ನಿಜವಾದರೆ, ಫೋನನ್ನೇ ಹೆಚ್ಚು ಕಾಲ ಬಾಳಿಸುವುದಕ್ಕಿಂತ ದೊಡ್ಡ ಸೇವೆ ಯಾವುದಿದೆ?

ಗಾಳಿ ಈಚೆಗೆ ತಿರುಗಿದೆ ಎನ್ನಬೇಕು. ೨೦೨೩ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ ೮ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಮಾತು ಕೊಟ್ಟಿತು; ೨೦೨೪ರ ಜನವರಿಯಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ೨೪ಕ್ಕೂ ಅಷ್ಟೇ ಎಂದಿತು. ಯುರೋಪ್ ಒಕ್ಕೂಟದಲ್ಲಿ ೨೦೨೫ರ ಜೂನ್ ೨೦ರಿಂದ ಹೊಸ ನಿಯಮ ಬಂದಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಮುಖ್ಯ ಬಿಡಿಭಾಗಗಳು ಏಳು ವರ್ಷ, ಅಪ್‌ಡೇಟ್ ಐದು ವರ್ಷ ದೊರೆಯಬೇಕು. ನಮ್ಮ ಸರಕಾರವೂ ಸುಮ್ಮನೆ ಕುಳಿತಿಲ್ಲ. ೨೦೨೨ರ ಡಿಸೆಂಬರ್ ೨೪ರಂದು, ರಾಷ್ಟ್ರೀಯ ಗ್ರಾಹಕರ ದಿನ, ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆಯಿತು. ವಸ್ತುವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬುದಕ್ಕೆ ಅಂಕ ಕೊಟ್ಟು ಪೆಟ್ಟಿಗೆಯ ಮೇಲೆಯೇ ತಿಳಿಸಬೇಕೆಂಬ ಶಿಫಾರಸೂ ೨೦೨೫ರಲ್ಲಿ ಸರಕಾರಕ್ಕೆ ಸಂದಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನುಗಳನ್ನು ಜೋಡಿಸುವ ನಾಡು ನಮ್ಮದು. ಜೋಡಿಸಬಲ್ಲ ಕೈಗಳಿಗೆ ಬಿಚ್ಚುವ ಹಕ್ಕೂ ಇರಬೇಕಾದುದು ನ್ಯಾಯ.

ಹಳೆಯದಕ್ಕೆ ವಿದ್ಯೆ ಬಾರದೆಂದಾದ ಮೇಲೆ ಹೊಸದನ್ನು ಕೊಳ್ಳುವುದೇ ಸರಿಯೆಂದು ಡಿಸೆಂಬರಿನಲ್ಲಿ ಕೋಠಿಗೆ ಹೋದೆವು. ಅಂಗಡಿಯ ಹುಡುಗ ಕ್ಯಾಮೆರಾದ ಮಹಿಮೆಯನ್ನು ಹಾಡಿ ಹೊಗಳಿದನು. “ಅಪ್‌ಡೇಟ್ ಎಷ್ಟು ವರ್ಷ?” ಎಂದು ಕೇಳಿದೆವು. ಅವನು ಮುಖ ಮುಖ ನೋಡಿದನು. ಆ ಪ್ರಶ್ನೆ ಅವನಿಗೆ ಹೊಸದು. ಕೊನೆಗೆ ಕಂಪನಿಯ ಜಾಲತಾಣ ತೆರೆದು ನಾವೇ ಓದಿದೆವು. ೧೨,೦೦೦ ರೂಪಾಯಿಯದಕ್ಕೆ ಎರಡು ವರ್ಷ. ೧೮,೦೦೦ ರೂಪಾಯಿಯದಕ್ಕೆ ಆರು ವರ್ಷ. ಗುಮಾಸ್ತರಿಗೆ ಭಾಗಾಕಾರ ಹೇಳಿಕೊಡಬೇಕೆ? ಮೊದಲನೆಯದು ವರ್ಷಕ್ಕೆ ೬,೦೦೦, ಎರಡನೆಯದು ೩,೦೦೦. ಅಗ್ಗವೆಂದು ಕಂಡದ್ದೇ ದುಬಾರಿಯಾಗಿತ್ತು! ಕೈಯಲ್ಲಿ ಅಷ್ಟು ಹಣವಿರಲಿಲ್ಲ. ನಮ್ಮ ಮನೆಯವರು ಸಂಕ್ರಾಂತಿಯ ಸೀರೆಯನ್ನು ಯುಗಾದಿಗೆ ಮುಂದೂಡಿದರು.

ಹೊಸ ಫೋನಿನ ನೂರೆಂಟು ಸೌಲಭ್ಯಗಳಲ್ಲಿ ತಾಯಿಯವರಿಗೆ ಹಿಡಿಸಿದ್ದು ಎರಡೇ: ಕನ್ನಡದಲ್ಲಿ ದಪ್ಪ ಅಕ್ಷರ, ಮತ್ತು ಬಾಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುವ ಜಾಣತನ. ಆಂಡ್ರಾಯ್ಡ್‌ಗೆ ಕನ್ನಡ ಬಂದುದು ೨೦೧೨ರಲ್ಲಿ. ಗೂಗಲಿನವರು ಹೇಳಿ ಬರೆಸುವ ಸೌಲಭ್ಯವನ್ನು ಕನ್ನಡಕ್ಕೆ ಕೊಟ್ಟುದು ೨೦೧೭ರಲ್ಲಿ. ಪರಸ್ಥಳದಲ್ಲಿರುವ ನಮ್ಮಂಥವರಿಗೆ ಹತ್ತು ಕ್ಯಾಮೆರಾಗಳಿಗಿಂತ ಇದು ಹೆಚ್ಚು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ. ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿರಿ: ಅಪ್‌ಡೇಟ್ ಎಷ್ಟು ವರ್ಷ? ಬ್ಯಾಟರಿ ಬದಲಾಯಿಸಲು ಎಷ್ಟು ರೂಪಾಯಿ? ಬಿಡಿಭಾಗ ಈ ಊರಿನಲ್ಲಿ ಸಿಗುತ್ತದೆಯೆ? ಹತ್ತು ಜನ ಕೇಳಿದರೆ ಅಂಗಡಿಯವನು ಉತ್ತರ ಕಲಿಯುತ್ತಾನೆ. ಸಾವಿರ ಜನ ಕೇಳಿದರೆ ಕಂಪನಿ ಕಲಿಯುತ್ತದೆ.

ಫೋನಿನ ಪೆಟ್ಟಿಗೆಯೊಳಗೆ ‘೨೦೩೦ರವರೆಗೆ’ ಎಂದು ಬರೆದ ಚೀಟಿಯನ್ನು ಇಟ್ಟಿದ್ದೇವೆ. ಹಳೆಯ ಫೋನು ದೇವರ ಮನೆಯ ಪಕ್ಕದ ಗೂಡಿನಲ್ಲಿದೆ. ಹೊಸ ಬ್ಯಾಟರಿಯ ಬಲದಿಂದ ಸಂಜೆಯ ಹೊತ್ತು ಒಮ್ಮೊಮ್ಮೆ ತಂದೆಯವರ ದನಿ ಕೇಳಿಸುತ್ತದೆ. ೨೦೨೫ರ ನವೆಂಬರಿನಲ್ಲಿ ನಾವು ಆಫೀಸಿನಿಂದ ಬರುವ ಹೊತ್ತಿಗೆ ತಾಯಿಯವರು ಜಗುಲಿಯಲ್ಲಿ ಕುಳಿತಿದ್ದರು.

“ಮುಗೀತು ತಮ್ಮಾ,” ಎಂದರು. “ನಾನೂ ಬದುಕೀನಿ, ಅದೂ ಬದುಕ್ಯದ.”