ಗಿಡಮೂಲಿಕೆ: ಮಂತ್ರವೆಷ್ಟು, ಮದ್ದೆಷ್ಟು?



ಬೇರು ಕಟ್ಟುವುದು, ಮಂತ್ರಿಸಿ ಮದ್ದು ಕೊಡುವುದು ಮೊದಲಾದವನ್ನು ಕಲಿಯುವ ಆಸೆ ಈಚೆಗೆ ಕೆಲವು ತರುಣ ಬೆಳೆಗಾರರಲ್ಲಿ ಕಾಣುತ್ತಿದೆ. ಹೊಸಬರಿಗಾಗಿ ನಾವು ತಿಳಿದಷ್ಟನ್ನು ಇಲ್ಲಿ ಹೇಳುತ್ತೇವೆ.

ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರುವಾಸಿ. ಬೇರು ಅಗೆಯುವ ಮುನ್ನ ಗಿಡಕ್ಕೆ ಅರಿಸಿನ ದಾರ ಕಟ್ಟಿ, ಕೈಮುಗಿದು ಅಪ್ಪಣೆ ಕೇಳುವುದು ನಾಟಿ ವೈದ್ಯರ ಹಳೆಯ ಪದ್ಧತಿ. ಅದರಲ್ಲಿ ಮಂತ್ರಶಕ್ತಿ ಇರಲಿ ಬಿಡಲಿ, ಕಂಡದ್ದನ್ನೆಲ್ಲ ಕೀಳದ ಸಂಯಮವಂತೂ ಇದೆ. 2019ರಲ್ಲಿ ಆ ಗುಡ್ಡ ವನ್ಯಜೀವಿ ಧಾಮವಾದ ಮೇಲೆ ಗಿಡದ ಅಪ್ಪಣೆಯ ಜೊತೆಗೆ ಅರಣ್ಯ ಇಲಾಖೆಯ ಅಪ್ಪಣೆಯೂ ಬೇಕು.

ಕರಾವಳಿಯ ಅಡಿಕೆ ಸೀಮೆಯಲ್ಲಿ ಆಟಿ ಅಮಾವಾಸ್ಯೆಯಂದು ನಸುಕಿನಲ್ಲೇ ಹೋಗಿ, ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ, ಹಾಲೆ ಮರದ ತೊಗಟೆ ತಂದು ಕಷಾಯ ಕುಡಿಯುತ್ತಾರೆ. ಕತ್ತಲಲ್ಲಿ ಗುರುತು ತಪ್ಪಿ ಕಾಸರಕದ ತೊಗಟೆ ಬಂದರೆ ಪ್ರಾಣಕ್ಕೇ ಸಂಚಕಾರ. ಅದರಲ್ಲಿರುವ ಸ್ಟ್ರಿಕ್ನಿನ್ ವಿಷದಿಂದ ಮೈ ಸೆಟೆದು ಉಸಿರು ಕಟ್ಟುತ್ತದೆ. ಯಾವ ಮಂತ್ರವೂ ಅದನ್ನು ತಡೆಯದು. ಹಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಸಾಮಾನ್ಯವಾಗಿ ಏಳರಂತೆ ಇರುತ್ತವೆ. ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆಗಳು ಜೋಡಿಜೋಡಿ, ಹಾಲಿಲ್ಲ. ಹಿಂದಿನ ದಿನ ಹಗಲಿನಲ್ಲೇ, ಬಲ್ಲವರನ್ನು ಕರೆದೊಯ್ದು, ಸರಿಯಾದ ಮರಕ್ಕೆ ದಾರ ಕಟ್ಟಿ ಬನ್ನಿ. ದಾರದ ನಿಜವಾದ ಉಪಯೋಗ ಇದೇ.

ಇನ್ನೊಂದು ಮಾತು. ತೋಟದಲ್ಲಿ ಹಾವು ಕಚ್ಚಿದ ಆಳನ್ನು ಆಸ್ಪತ್ರೆಗೆ ಬಿಡದೆ ಮಂತ್ರ, ದಾರಗಳಲ್ಲಿ ಹೊತ್ತು ಕಳೆಯುವುದು 2017ರ ರಾಜ್ಯ ಕಾನೂನಿನಂತೆ ಅಪರಾಧ. ಕಾನೂನಿಗಿಂತ ಮೊದಲು ಅದು ಒಂದು ಮನೆಯ ದುಡಿಯುವ ಕೈಯ ಪ್ರಶ್ನೆ.

ಇಷ್ಟನ್ನು ತಿಳಿದು ಕಲಿತರೆ ಗಿಡವೂ ಉಳಿದೀತು, ಕಲಿತವನೂ ಉಳಿದಾನು.