ಎಂಜಿನ್ ಬದಲಾಯಿತು, ನಡುಕ ಏಕೆ?

ಪ್ರಶ್ನೆ: ನಮ್ಮ ಹಳೆಯ ಡೀಸೆಲ್ ಲಾರಿಗೆ ಬೇರೆ ಲಾರಿಯಿಂದ ಬಿಚ್ಚಿದ ಎಂಜಿನ್ ಕೂರಿಸಿದ್ದೇವೆ. ಓಡುವಾಗ ಸರಿ, ಐಡ್ಲಿಂಗ್‌ನಲ್ಲಿ ಮಾತ್ರ ಎಗರಾಡುತ್ತದೆ. ಏನು ಕಾರಣ?

ಉತ್ತರ: ಮೊದಲು ಸದ್ದಿಗೆ ಕಿವಿಗೊಡಿ. ಅದು ಒಂದೇ ಸಮನಾಗಿದ್ದು ಕ್ಯಾಬಿನ್ ಮಾತ್ರ ಅದುರಿದರೆ ಮೌಂಟಿಂಗ್ ರಬ್ಬರ್ ನೋಡಿಸಿ. ಸದ್ದೇ ಏರಿಳಿಯುತ್ತಿದ್ದರೆ ನನ್ನ ಅನುಮಾನ ಡೀಸೆಲ್ ಲೈನಿಗೆ ಸೇರಿದ ಗಾಳಿಯ ಮೇಲೆ. ಎಂಜಿನ್ ಇಳಿಸಿ ಏರಿಸುವಾಗ ಪೈಪುಗಳನ್ನೆಲ್ಲ ಬಿಚ್ಚಿರುತ್ತಾರೆ. ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದರೆ, ಒಣಗಿದ ರಬ್ಬರ್ ಪೈಪ್ ಬಿರಿದಿದ್ದರೆ, ಹೊರಗೆ ಹನಿ ಡೀಸೆಲ್ ಸೋರದೆಯೂ ಒಳಗೆ ಗಾಳಿ ಎಳೆದುಕೊಳ್ಳಬಹುದು. ಪರೀಕ್ಷೆ ಸುಲಭ. ಡೀಸೆಲ್ ಕ್ಯಾನನ್ನು ಎತ್ತರದಲ್ಲಿಟ್ಟು ನೇರವಾಗಿ ಪಂಪಿಗೆ ಪೈಪ್ ಕೊಡಿಸಿ, ಏರ್ ತೆಗೆಸಿ ಸ್ಟಾರ್ಟ್ ಮಾಡಿ. ಎಗರಾಟ ನಿಂತರೆ ದೋಷವಿರುವುದು ಟ್ಯಾಂಕಿನಿಂದ ಪಂಪಿನವರೆಗಿನ ಹಾದಿಯಲ್ಲಿ.

ನಿಲ್ಲಲಿಲ್ಲವೇ? ಹಳೆಯ ಮಾದರಿಯ ಪಂಪ್ ಇದ್ದರೆ ಮೆಕ್ಯಾನಿಕ್ ನಾಜಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರೇ ಮೈಗಳ್ಳ. (ನೀವು ಕೈಹಾಕಬೇಡಿ, ಆ ಒತ್ತಡದ ಡೀಸೆಲ್ ಚರ್ಮವನ್ನೇ ಭೇದಿಸುತ್ತದೆ. ಕಾಮನ್ ರೈಲ್ ಎಂಜಿನ್ನಿಗಂತೂ ಈ ಕ್ರಮ ಕೂಡದು.) ಆ ಸಿಲಿಂಡರಿನ ನಾಜಲ್ ಟೆಸ್ಟ್ ಮಾಡಿಸಿ, ಆಮೇಲೆ ಕಂಪ್ರೆಷನ್. ಪಂಪ್ ಟೈಮಿಂಗ್ ಕೊನೆಗೆ. ಮೊದಲೇ ಅದನ್ನು ತಿರುಗಿಸಲು ಹೊರಡುವ ಗ್ಯಾರೇಜಿನಿಂದ ಲಾರಿಯನ್ನು ಹೊರಗೆ ತನ್ನಿ.