ನೂರು ಕಿಲೋಮೀಟರಿಗೆ ಎಷ್ಟು ಲೀಟರು?

ಪಾವಗಡ ತಾಲ್ಲೂಕಿಗೆ ಮೂರು ಕಡೆಯೂ ಆಂಧ್ರವೇ ನೆರೆ. ಗಡಿಯ ಆಚೆ ಪೆಟ್ರೋಲಿಗೆ ಶೇ 31ರ ವ್ಯಾಟ್ ಇದೆ. ಅದರ ಮೇಲೆ ಲೀಟರಿಗೆ 4 ರೂಪಾಯಿ ಹೆಚ್ಚುವರಿ, ರಸ್ತೆ ಸೆಸ್ ಎಂದು ಮತ್ತೊಂದು ರೂಪಾಯಿ. ಈಚೆ, 2024ರ ಜೂನ್‌ನಲ್ಲಿ ನಮ್ಮ ಸರ್ಕಾರ ಮಾರಾಟ ತೆರಿಗೆ ಏರಿಸಿದ ಮೇಲೂ, ಶೇ 29.84. ಈ ವ್ಯತ್ಯಾಸದಿಂದಾಗಿ ಗಡಿಯ ಈಚೆ ಪೆಟ್ರೋಲು ಲೀಟರಿಗೆ ಆರೇಳು ರೂಪಾಯಿ ಅಗ್ಗ. ಟ್ಯಾಂಕ್ ತುಂಬಿಸಲು ಆಚೆಯ ವಾಹನಗಳು ಈಚೆಗೆ ಬರುವುದು ಸಹಜ. ಆದರೆ ಒಂದು ಸಣ್ಣ ಲೆಕ್ಕ ಹಾಕಿ. ಲೀಟರಿಗೆ 10 ಕಿಲೋಮೀಟರ್ ಓಡುವ ದೊಡ್ಡ ವಾಹನವೊಂದು 40 ಲೀಟರ್ ಹಾಕಿಸಲು ಹೋಗಿ ಬರಲು 24 ಕಿಲೋಮೀಟರ್ ಓಡಿದರೆ, ಉಳಿಸಿದ್ದು ಸುಮಾರು 240 ರೂಪಾಯಿ, ದಾರಿಯಲ್ಲಿ ಸುಟ್ಟದ್ದು 2.4 ಲೀಟರ್. ಉಳಿತಾಯ ಅಲ್ಲಿಗೆ ಮುಗಿಯಿತು. ಅದೇ ದೂರವನ್ನು ಲೀಟರಿಗೆ 20 ಕಿಲೋಮೀಟರ್ ಓಡುವ ಚಿಕ್ಕ ಕಾರು ಕ್ರಮಿಸಿದರೆ ಅರ್ಧ ಹಣ ಜೇಬಿನಲ್ಲೇ ಉಳಿಯುತ್ತದೆ. ಬಂಕಿನ ಬೋರ್ಡಿನ ಮೇಲಿನ ದರವನ್ನು ಪೈಸೆ ಪೈಸೆಯಾಗಿ ಗಮನಿಸುವ ನಾವು, ಎಷ್ಟು ಲೀಟರ್ ಸುಡುತ್ತೇವೆ ಎಂಬುದನ್ನು ಮಾತ್ರ ಅಷ್ಟೇ ಶ್ರದ್ಧೆಯಿಂದ ಎಣಿಸುವುದಿಲ್ಲ.

ಎಣಿಸದಿರುವುದಕ್ಕೆ ನಮ್ಮ ಅಳತೆಗೋಲೇ ಕಾರಣ ಎಂಬುದು ನನ್ನ ವಾದ. ಕಾರು ಕೊಳ್ಳಲು ಹೊರಟವರು ಶೋರೂಮಿನಲ್ಲಿ ಕೇಳುವ ಪ್ರಶ್ನೆ, ‘ಮೈಲೇಜ್ ಎಷ್ಟು ಕೊಡುತ್ತೆ?’ ಉತ್ತರ ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಬರುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಬರಹವೊಂದು ಈ ಉತ್ತರ ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನು ತೋರಿಸಿತು. ಅದನ್ನು ನಮ್ಮ ಸೀಮೆಯ ಅಂಕಿಗಳಲ್ಲಿ ಬಿಡಿಸಿ ನೋಡಿದರೆ ಬೆರಗಾಗುತ್ತದೆ. ಮಧುಗಿರಿಯ ಎರಡು ಮನೆಗಳು ವರ್ಷಕ್ಕೆ ತಲಾ 15,000 ಕಿಲೋಮೀಟರ್ ಓಡಿಸುತ್ತವೆ ಎಂದುಕೊಳ್ಳಿ. ಮೊದಲ ಮನೆಯವರು 18 ಕೊಡುವ ಚಿಕ್ಕ ಕಾರಿನ ಬದಲು 22 ಕೊಡುವುದನ್ನು ಆರಿಸುತ್ತಾರೆ. ಎರಡನೆಯ ಮನೆಯವರು 9 ಕೊಡುವ ದೊಡ್ಡ ವಾಹನದ ಬದಲು 11 ಕೊಡುವುದನ್ನು ಆರಿಸುತ್ತಾರೆ. ಹೆಚ್ಚು ಉಳಿಸಿದವರು ಯಾರು? ನಾಲ್ಕು ಕಿಲೋಮೀಟರ್ ಹೆಚ್ಚಿಸಿಕೊಂಡವರು ಎಂದೇ ಎಲ್ಲರಿಗೂ ತೋಚುತ್ತದೆ. ಭಾಗಿಸಿ ನೋಡಿ: ಮೊದಲನೆಯವರ ಖರ್ಚು 833 ಲೀಟರಿನಿಂದ 682ಕ್ಕೆ ಇಳಿಯಿತು, ಉಳಿದದ್ದು ಸುಮಾರು 150 ಲೀಟರ್. ಎರಡನೆಯವರದು 1,667ರಿಂದ 1,364ಕ್ಕೆ ಇಳಿಯಿತು, ಉಳಿದದ್ದು 300 ಲೀಟರ್. ಎರಡೇ ಕಿಲೋಮೀಟರಿನ ಹೆಚ್ಚಳ ನಾಲ್ಕು ಕಿಲೋಮೀಟರಿನ ಹೆಚ್ಚಳದ ಇಮ್ಮಡಿ ಉಳಿಸಿತು! ನಮ್ಮಲ್ಲಿ ಮೈಲೇಜಿನ ಚಿಂತೆ ಹೆಚ್ಚಾಗಿ ಕಾಡುವುದು ಚಿಕ್ಕ ಕಾರು ಕೊಳ್ಳುವವರನ್ನು. ‘ಇಷ್ಟು ದೊಡ್ಡ ಗಾಡಿ ತಗೊಂಡ ಮೇಲೆ ಮೈಲೇಜ್ ನೋಡಿದರಾದೀತೆ’ ಎಂದು ದೊಡ್ಡದನ್ನು ಕೊಳ್ಳುವವರು ಪ್ರಶ್ನೆಯನ್ನೇ ಬಿಟ್ಟುಬಿಡುತ್ತಾರೆ. ಆದರೆ ಆ ಪ್ರಶ್ನೆಯನ್ನು ಪಟ್ಟು ಹಿಡಿದು ಕೇಳಬೇಕಾದವರು ಅವರೇ.

ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ಈ ನಾಲ್ಕು ತಾಲ್ಲೂಕುಗಳಲ್ಲಿ ಇದು ಪುಸ್ತಕದ ಬದನೆಕಾಯಿಯಲ್ಲ. ರಾಯದುರ್ಗ–ತುಮಕೂರು ರೈಲು ಮಾರ್ಗ 2007–08ರ ಹೊತ್ತಿಗೇ ಒಪ್ಪಿಗೆ ಪಡೆದದ್ದು. ಪಾವಗಡ, ಮಧುಗಿರಿ, ಕೊರಟಗೆರೆಗಳನ್ನು ಜಿಲ್ಲಾ ಕೇಂದ್ರಕ್ಕೆ ಜೋಡಿಸಬೇಕಾದ ಅದರ ಕಾಮಗಾರಿ ಎರಡು ದಶಕದಿಂದ ಎಳೆಯುತ್ತಲೇ ಬಂದಿದೆ. ಆಸ್ಪತ್ರೆ, ಕಾಲೇಜು, ಜಿಲ್ಲಾ ಕಚೇರಿ ಏನೇ ಇರಲಿ, ತುಮಕೂರಿಗೆ ರಸ್ತೆಯೇ ಗತಿ. ಮಧುಗಿರಿಯಿಂದ ನಲವತ್ತು ಚಿಲ್ಲರೆ ಕಿಲೋಮೀಟರ್, ಶಿರಾದಿಂದ ಸುಮಾರು ಐವತ್ತು, ಪಾವಗಡದಿಂದ ನೂರರ ಹತ್ತಿರ. ಇಷ್ಟು ದೂರ ಓಡುವವರಿಗೆ ಕಂಪನಿಯ ಮೈಲೇಜ್ ಯಾಕೆ ಸಿಗುವುದಿಲ್ಲ ಎಂಬುದಕ್ಕೂ ಕಾರಣ ಸ್ಪಷ್ಟವಾಗಿದೆ. ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಅಂಕಿ ಹುಟ್ಟುವುದು ಪ್ರಯೋಗಾಲಯದ ಉರುಳೆಗಳ ಮೇಲೆ, ಇಪ್ಪತ್ತು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ, ಎಸಿ ಆರಿಸಿಟ್ಟು. ಅಲ್ಲಿನ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಶಿರಾ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಂಥ ನಾಲ್ಕು ಅಥವಾ ಹೆಚ್ಚು ಪಥದ ರಸ್ತೆಯಲ್ಲಿ ಕಾರುಗಳಿಗೆ ಕಾನೂನು ಕೊಡುವ ಮಿತಿಯೇ 100. ಅಂದರೆ ಯಾವ ನಿಯಮವನ್ನೂ ಮುರಿಯದೆ ಹೋಗುವವರು ಸಹ ಪರೀಕ್ಷೆ ಎಂದೂ ಮುಟ್ಟದ ವೇಗದಲ್ಲಿ ಹೋಗುತ್ತಿದ್ದಾರೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿ ಇದ್ದುದಕ್ಕಿಂತ 100ರಲ್ಲಿ ಒಂದೂವರೆ ಪಟ್ಟು ಮೀರುತ್ತದೆ. ಗಾಡಿಯ ಮುಖ ಎಷ್ಟು ಅಗಲ, ಎಷ್ಟು ಎತ್ತರ ಎಂಬುದಕ್ಕೆ ಸರಿಯಾಗಿ ಆ ತಡೆ ಇನ್ನೂ ಹಿಗ್ಗುತ್ತದೆ. ಪಾವಗಡದ ಬೇಸಿಗೆಯಲ್ಲಿ ಎಸಿ ಇಲ್ಲದೆ ಹೋಗುವವರು ಯಾರೂ ಇಲ್ಲ. ಇದರ ಮೇಲೆ ಈಗ ಶೇ 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲಿನಲ್ಲಿ ಅಷ್ಟೇ ಪ್ರಮಾಣದ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗ ಶಕ್ತಿ ಕಡಿಮೆ. ಈ ಕೊನೆಯ ನಷ್ಟ ಶೇಕಡಾವಾರು ನಷ್ಟ. ನೂರು ಕಿಲೋಮೀಟರಿಗೆ ಐದು ಲೀಟರ್ ಕುಡಿಯುವ ಗಾಡಿಗಿಂತ ಹತ್ತು ಲೀಟರ್ ಕುಡಿಯುವ ಗಾಡಿಗೆ ಅದು ಎರಡರಷ್ಟು ದುಬಾರಿ.

ಹಾಗಾದರೆ ಚಿಕ್ಕದೇ ಒಳ್ಳೆಯದೇ? ಇಲ್ಲಿ ‘ದೊಡ್ಡದು’ ಎಂದರೆ ಯಾವ ದಿಕ್ಕಿನಲ್ಲಿ ದೊಡ್ಡದು ಎಂದು ಕೇಳಬೇಕು. ನಮ್ಮ ತೆರಿಗೆ ವ್ಯವಸ್ಥೆ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರ ಎಷ್ಟು ವಿಚಿತ್ರವೆಂದರೆ, ಅದರ ಜಾಡು ಹಿಡಿದು ಸ್ವಲ್ಪ ದೂರ ಹೋಗಲೇಬೇಕು. 2006ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಚಿಕ್ಕದು ಎಂದರೆ 4 ಮೀಟರ್ ಉದ್ದದೊಳಗಿನದು, ಜತೆಗೆ ಪೆಟ್ರೋಲ್ ಆದರೆ 1,200, ಡೀಸೆಲ್ ಆದರೆ 1,500 ಸಿಸಿ ಎಂಜಿನ್‌ನ ಮಿತಿ. ಅಂದಿನಿಂದ ದೇಶದ ಬಹಳಷ್ಟು ಕಾರುಗಳು ಆ ಗೆರೆಗೆ ಬಂದು ನಿಂತುಬಿಟ್ಟವು. 2008ರಲ್ಲಿ ಟಾಟಾ ತನ್ನ ಇಂಡಿಗೊದ ಬಾಲ ಮೊಟಕು ಮಾಡಿ ಸಿಎಸ್ ಎಂದು ಮಾರಿತು. 2012ರಲ್ಲಿ ಮಾರುತಿ ಡಿಜೈರ್‌ನ ಡಿಕ್ಕಿಯನ್ನು ಕತ್ತರಿಸಿ 3,995 ಮಿಲಿಮೀಟರಿಗೆ ತಂದಿತು. ನೆಕ್ಸಾನ್ 3,995, ವೆನ್ಯೂ 3,995. ಉದ್ದಕ್ಕೆ ಬೇಲಿ ಬಿದ್ದಿತು. ಎತ್ತರಕ್ಕೆ, ಅಗಲಕ್ಕೆ, ತೂಕಕ್ಕೆ ಬೀಳಲಿಲ್ಲ. ಹಾಗಾಗಿ ಕಾರುಗಳು ಮೇಲಕ್ಕೆ ಬೆಳೆದವು. ಇಂಧನದ ದೃಷ್ಟಿಯಿಂದ ಇದಕ್ಕಿಂತ ತಿರುಗುಮುರುಗಾದ ನಿಯಮ ಇನ್ನೊಂದಿರಲಾರದು. ಗಾಳಿಯ ತಡೆ ಹೆಚ್ಚಿಸುವುದು ಮುಖದ ವಿಸ್ತಾರ, ಉದ್ದವಲ್ಲ. ಹಿಂದಕ್ಕೆ ಇಳಿಜಾರಾಗಿ ಚಾಚಿದ ಬಾಲ ಗಾಳಿಯನ್ನು ಸುಗಮವಾಗಿ ಬಿಟ್ಟುಕೊಡುತ್ತದೆ, ತಡೆಯನ್ನು ಇಳಿಸುತ್ತದೆ. ಹೆಚ್ಚು ಪೆಟ್ರೋಲ್ ಕುಡಿಯದ ದಿಕ್ಕಿಗೆ ದಂಡ, ಕುಡಿಯುವ ದಿಕ್ಕಿಗೆ ರಿಯಾಯಿತಿ! 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾದಾಗಲೂ ಅದೇ 4 ಮೀಟರ್ ಗೆರೆ ಉಳಿಯಿತು: ಒಳಗಿದ್ದರೆ ಶೇ 18, ಹೊರಗಿದ್ದರೆ ಶೇ 40. ಫಲ ನೋಡಿ. ಏಳು ಸೀಟಿನ, 4 ಮೀಟರ್ ಮೀರಿದ ಉದ್ದದ ಪೆಟ್ರೋಲ್ ಎರ್ಟಿಗಾ ಮ್ಯಾನ್ಯುಯಲ್‌ಗೆ ಕಂಪನಿ ಹೇಳುವ ಮೈಲೇಜ್ 20.51. ಐದು ಸೀಟಿನ, ಮೊಟಕು ಉದ್ದದ ನೆಕ್ಸಾನ್ ಟರ್ಬೊ ಪೆಟ್ರೋಲಿಗೆ ಸುಮಾರು 17. ಮೊದಲನೆಯದಕ್ಕೆ ಶೇ 40, ಎರಡನೆಯದಕ್ಕೆ ಶೇ 18. ಕಾರು ಕಂಪನಿಗಳ ಸರಾಸರಿ ಹೊಗೆಗೆ 2017ರಿಂದ ಮಿತಿ ಹಾಕಿರುವ ‘ಕೆಫೆ’ ನಿಯಮದಲ್ಲೂ ಇಂಥದೇ ಒಂದು ಸಡಿಲವಿದೆ: ಕಂಪನಿ ಮಾರುವ ಕಾರುಗಳ ಸರಾಸರಿ ತೂಕ ಹೆಚ್ಚಿದಷ್ಟೂ ಅದರ ಮಿತಿ ಮೆತ್ತಗಾಗುತ್ತದೆ.

ದೊಡ್ಡ ಗಾಡಿಯ ಪರವಾಗಿ ಹೇಳುವ ಮಾತುಗಳಲ್ಲಿ ಬಲವಾದದ್ದು ಓಟದ್ದು. ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿಯಲ್ಲಿ ಕೊರಟಗೆರೆ ದಾಟಿದ ಮೇಲೆ ಕಡಲೆಕಾಯಿ ಮೂಟೆ ಹೊತ್ತ ಲಾರಿಯನ್ನು ಹಿಂದಿಕ್ಕಬೇಕಾದಾಗ ಎಂಜಿನ್‌ನಲ್ಲಿ ಮಿಗುತಾಯ ಶಕ್ತಿ ಇರಲೇಬೇಕು. ಅದು ಶೋಕಿಯಲ್ಲ, ಜೀವದ ಪ್ರಶ್ನೆ. ಇದನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಮಿಗುತಾಯ ಶಕ್ತಿ ಗಾಡಿಯ ಗಾತ್ರದಲ್ಲಿಲ್ಲ, ಶಕ್ತಿ ಮತ್ತು ತೂಕದ ಅನುಪಾತದಲ್ಲಿದೆ. ನಮ್ಮ ಹಳ್ಳಿಗಳ ಅಚ್ಚುಮೆಚ್ಚಿನ ಬೊಲೆರೊ ಒಂದೂವರೆ ಟನ್ ಮೀರಿ ತೂಗುತ್ತದೆ, ಅದರ ಎಂಜಿನ್ ಶಕ್ತಿ 75 ಅಶ್ವಶಕ್ತಿಯ ಆಸುಪಾಸು. ಒಂದು ಲೀಟರ್ ಎಂಜಿನ್‌ನ ವ್ಯಾಗನ್ ಆರ್ ಅದರ ಹೆಚ್ಚುಕಡಿಮೆ ಅರ್ಧ ತೂಗುತ್ತದೆ, ಶಕ್ತಿಯಲ್ಲಿ ಹತ್ತು ಅಶ್ವಶಕ್ತಿಯಷ್ಟೂ ಹಿಂದಿಲ್ಲ. ಖಾಲಿ ರಸ್ತೆಯಲ್ಲಿ ಒಬ್ಬರೇ ಕೂತು ಹೋಗುವಾಗ ಹಗುರದ್ದೇ ಚುರುಕು. ಬೊಲೆರೊದ ಡೀಸೆಲ್ ಎಂಜಿನ್ ತನ್ನ ನಿಜವಾದ ಗುಣವನ್ನು ತೋರಿಸುವುದು ಹೊರೆ ಹೊತ್ತಾಗ, ಕಡಿಮೆ ವೇಗದ ಎಳೆತದಲ್ಲಿ. ತೋಟಕ್ಕೆ ಪಂಪು, ಪೈಪು, ಗೊಬ್ಬರ ಒಯ್ಯುವವರಿಗೆ ಅದು ನ್ಯಾಯವಾದ ಆಯ್ಕೆ. ಮಗನನ್ನು ಕಾಲೇಜಿಗೆ ಬಿಟ್ಟು ಬರುವ ಮನೆಗೆ ಅಲ್ಲ.

ಇನ್ನೊಂದು ಆಕ್ಷೇಪ ಸುರಕ್ಷತೆಯದು: ದೊಡ್ಡ ಗಾಡಿ ಗಟ್ಟಿ, ಅಪಘಾತವಾದರೆ ಉಳಿಯುತ್ತೇವೆ ಎಂಬ ನಂಬಿಕೆ. ಎರಡು ಕಾರುಗಳು ಡಿಕ್ಕಿಯಾದಾಗ ಭಾರದ ಕಾರಿನಲ್ಲಿ ಕೂತವರಿಗೆ ಲಾಭವಿದೆ ಎಂಬುದು ಭೌತಶಾಸ್ತ್ರ, ಅಲ್ಲಗಳೆಯಲಾಗದು. ಆ ಲಾಭದ ಬೆಲೆ ಎದುರಿನ ಹಗುರ ಕಾರಿನವರ ತಲೆಯ ಮೇಲೆ ಬೀಳುತ್ತದೆ ಎಂಬುದೂ ಅದೇ ಭೌತಶಾಸ್ತ್ರ. ಶಿರಾ ಹೆದ್ದಾರಿಯಲ್ಲಿ ಮುಂದೆ ನಿಂತಿರುವುದು ಹತ್ತಾರು ಟನ್ ತೂಗುವ ಲಾರಿಯಾಗಿದ್ದರೆ, ನಮ್ಮ ಗಾಡಿ ಮುನ್ನೂರು ಕಿಲೋ ಹೆಚ್ಚು ತೂಗಿದ್ದರಿಂದ ಆಗುವ ಪ್ರಯೋಜನ ಅತ್ಯಲ್ಪ. ಅಲ್ಲಿ ಕಾಪಾಡುವುದು ಗಾಡಿಯ ಚೌಕಟ್ಟಿನ ರಚನೆ, ಸೀಟ್ ಬೆಲ್ಟ್, ಏರ್‌ಬ್ಯಾಗ್. ಇವು ಉದ್ದಗಲ ನೋಡಿ ಬರುವುದಿಲ್ಲ. 3,827 ಮಿಲಿಮೀಟರಿನ ಟಾಟಾ ಪಂಚ್ 2021ರಲ್ಲಿ ಡಿಕ್ಕಿ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಕ್ಯಾಪ್‌ನಿಂದ ಐದು ನಕ್ಷತ್ರ ಪಡೆಯಿತು. 2024ರಲ್ಲಿ ಬಾಲ ಮೊಟಕಿನ ಹೊಸ ಡಿಜೈರ್ ಕೂಡ ಐದು ಪಡೆಯಿತು. ಅದೇ ವರ್ಷ, ಮೈಲೇಜಿನ ವಿಷಯದಲ್ಲಿ ನಾನು ಮೇಲೆ ಮೆಚ್ಚಿದ ದೊಡ್ಡ ಎರ್ಟಿಗಾಕ್ಕೆ ಸಿಕ್ಕಿದ್ದು ಒಂದೇ ನಕ್ಷತ್ರ. ಹಳ್ಳದಿಣ್ಣೆಯ ಮಾತೂ ಹೀಗೆಯೇ. ರಸ್ತೆಯಿಂದ ತಳಕ್ಕಿರುವ ಅಂತರ 2021ರ ಪಂಚ್‌ಗೆ 187 ಮಿಲಿಮೀಟರ್, ಅದಕ್ಕಿಂತ ಎಷ್ಟೋ ದೊಡ್ಡದಾದ ಕ್ರೆಟಾಗೆ 190. ಮೂರು ಮಿಲಿಮೀಟರಿಗಾಗಿ ಒಂದು ಇಡೀ ದರ್ಜೆ ಮೇಲೆ ಹೋಗಬೇಕಾಗಿಲ್ಲ. 2024ರಲ್ಲಿ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು ಪಂಚ್ ಎಂಬುದು, ಕೊಳ್ಳುವವರು ಇದನ್ನು ಅರಿತಿದ್ದಾರೆ ಎಂಬುದರ ಗುರುತು ಎಂದು ನಾನು ಭಾವಿಸುತ್ತೇನೆ.

ಉಳಿದದ್ದು ಏಳು ಜನರ ಪ್ರಶ್ನೆ. ಗೊರವನಹಳ್ಳಿ ಮಹಾಲಕ್ಷ್ಮಿ, ಸಿದ್ದರಬೆಟ್ಟ, ಪಾವಗಡದ ಶನಿಮಹಾತ್ಮ, ನೆಂಟರ ಮದುವೆ, ಊರ ಜಾತ್ರೆ: ಮನೆಮಂದಿಯೆಲ್ಲ ಒಟ್ಟಿಗೆ ಹೋಗುವ ಆಸೆ ಸಣ್ಣದಲ್ಲ, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಅಂಥ ದಿನಗಳು ವರ್ಷದಲ್ಲಿ ಕೆಲವೇ. ಉಳಿದ ದಿನಗಳಲ್ಲಿ ಐದಾರು ಖಾಲಿ ಸೀಟುಗಳನ್ನು ಹೊತ್ತು ತಿರುಗುವ ಬದಲು, ಆ ದಿನಗಳಿಗೆ ಬಾಡಿಗೆ ಗಾಡಿ ಹಿಡಿಯುವುದು ಅಗ್ಗ. ಮೇಲೆ ಹೇಳಿದ ಮನೆಗಳನ್ನೇ ತೆಗೆದುಕೊಳ್ಳಿ: ವರ್ಷಕ್ಕೆ 1,364 ಲೀಟರಿಗೂ 682 ಲೀಟರಿಗೂ ಇರುವ ಅಂತರದ ಹಣದಲ್ಲಿ ಎಷ್ಟು ಜಾತ್ರೆಗೆ ಬಾಡಿಗೆ ಗಾಡಿ ಬರುತ್ತದೆ ಎಂದು ಊರಿನ ಸ್ಟ್ಯಾಂಡಿನಲ್ಲೇ ಕೇಳಬಹುದು. ಕೂಡು ಕುಟುಂಬ ನಿತ್ಯವೂ ತುಂಬಿ ಹೋಗುವಂತಿದ್ದರೆ ಮಾತು ಬೇರೆ. ಆಗ ತಲಾವಾರು ಲೆಕ್ಕದಲ್ಲಿ ದೊಡ್ಡದೇ ಗೆಲ್ಲುತ್ತದೆ. ವಾರ ವಾರ ಬೆಂಗಳೂರಿಗೆ ಓಡುವವರಿಗೆ ಡೀಸೆಲ್ ಇನ್ನೂ ಅರ್ಥಪೂರ್ಣ: ಕ್ರೆಟಾದಲ್ಲಿ ಕಂಪನಿಯ ಅಂಕಿಯಂತೆಯೇ 100 ಕಿಲೋಮೀಟರಿಗೆ 5.7 ಲೀಟರ್ ಪೆಟ್ರೋಲಿನ ಎದುರು 4.6 ಲೀಟರ್ ಡೀಸೆಲ್ ಸಾಕು. ಚಿಕ್ಕ ಡೀಸೆಲ್ ಕಾರುಗಳು ಮಾತ್ರ 2020ರ ಬಿಎಸ್6 ನಿಯಮದೊಂದಿಗೆ ಬಹುಪಾಲು ಕಣ್ಮರೆಯಾದವು. ಆ ಏಪ್ರಿಲ್‌ನಿಂದ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಇನ್ನು ವಿದ್ಯುತ್ ಕಾರು. ತಿರುಮಣಿ, ವಳ್ಳೂರು ಸುತ್ತಿನ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ ಉತ್ಪಾದಿಸುವ ಪಾವಗಡ ತಾಲ್ಲೂಕಿಗೆ ಅದು ಸಹಜವಾದ ಕನಸು, ಅದಕ್ಕೆ ಜಿಎಸ್‌ಟಿಯೂ ಶೇ 5 ಮಾತ್ರ. ಅಲ್ಲಿಯೂ ಎತ್ತರದ, ಭಾರದ ಗಾಡಿ ನೂರು ಕಿಲೋಮೀಟರಿಗೆ ಹೆಚ್ಚು ಯೂನಿಟ್ ಬಳಸುತ್ತದೆ.

ಯುರೋಪಿನ ಬಹುತೇಕ ದೇಶಗಳಲ್ಲಿ ಕಾರಿನ ಇಂಧನವನ್ನು 100 ಕಿಲೋಮೀಟರಿಗೆ ಇಷ್ಟು ಲೀಟರ್ ಎಂದೇ ಹೇಳುತ್ತಾರೆ. ಅಮೆರಿಕ ಕೂಡ 2013ರ ಮಾದರಿಗಳಿಂದ ಹಳೆಯ ಅಂಕಿಯ ಜತೆಗೆ 100 ಮೈಲಿಗೆ ಎಷ್ಟು ಗ್ಯಾಲನ್ ಎಂಬುದನ್ನೂ ಕಿಟಕಿಯ ಚೀಟಿಯಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಇದಕ್ಕೆ ಹೊಸ ಪರೀಕ್ಷೆ ಬೇಡ, ಹೊಸ ಯಂತ್ರ ಬೇಡ. 100ನ್ನು ಎಆರ್‌ಎಐ ಅಂಕಿಯಿಂದ ಭಾಗಿಸಿ ಪಕ್ಕದಲ್ಲಿ ಬರೆದರೆ ಸಾಕು. ಕೇಂದ್ರದ ಸಾರಿಗೆ ಇಲಾಖೆ ಇದನ್ನು ಶೋರೂಮಿನ ಫಲಕದಲ್ಲಿ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ, ಶಿರಾದಲ್ಲಾಗಲಿ ತುಮಕೂರಿನಲ್ಲಾಗಲಿ ಮುಂಗಡ ಕೊಡುವ ಮೊದಲು, ವರ್ಷಕ್ಕೆ ನೀವು ಓಡಿಸುವ ಕಿಲೋಮೀಟರನ್ನು ಮೈಲೇಜಿನಿಂದ ಭಾಗಿಸಿ ಬರುವ ಲೀಟರುಗಳನ್ನು, ನೀವು ಹೋಲಿಸುತ್ತಿರುವ ಎರಡೂ ಗಾಡಿಗಳಿಗೆ ಬರೆದು ಮನೆಯವರ ಮುಂದಿಡಿ.